ಭದ್ರಾವತಿಗೆ ಎಷ್ಟು ಮನೆ

ಜುಲೈ 5, ಶನಿವಾರ
ವಿನೋಬನಗರ, ಶಿವಮೊಗ್ಗ

ಬೆಳಗಿನಿಂದ ಮಳೆ ಬಿಟ್ಟಿಲ್ಲ. ಕಂಪನಿ ಕೆಲಸಕ್ಕೆ ರಜೆ, ಹಾಗಾಗಿ ನನ್ನ ಸ್ವಂತ ಹುಚ್ಚಿಗೆ ಇಡೀ ದಿನ ಸಿಕ್ಕಿತು. ಟರ್ಮಿನಲ್‌ನಲ್ಲೇ (ಚಿತ್ರವಿಲ್ಲದ, ಬರೀ ಅಕ್ಷರದ ತೆರೆ) ದಿನಚರಿ ಬರೆಯುವ ಪುಟ್ಟ ಪ್ರೋಗ್ರಾಂ. ಮೇಲೆ ತಾರೀಖು, ನಡುವೆ ಬರೆಯುವ ಪೆಟ್ಟಿಗೆ, ಕೆಳಗೆ ಎಷ್ಟು ಸಾಲಾಯಿತು ಅನ್ನುವ ಲೆಕ್ಕ. ಇಷ್ಟಕ್ಕೇ ನಾಲ್ಕು ತಿಂಗಳಿಂದ ಎಳೆಯುತ್ತಿದ್ದೇನೆ.

ಪೆಟ್ಟಿಗೆ ನಾನು ಬರೆದದ್ದಲ್ಲ, ಒಂದು ಲೈಬ್ರರಿಯಿಂದ ಎತ್ತಿಕೊಂಡದ್ದು. ಇಂಗ್ಲಿಷ್ ಹೊಡೆದರೆ ಬೆಣ್ಣೆಯಿಂದ ಕೂದಲೆಳೆದಷ್ಟು ಸಲೀಸು. ಇವತ್ತು ಮೊದಲ ಸಲ ಕನ್ನಡ ಹಾಕಿದೆ. ಬೆರಳಿಗೆ ಮೊದಲು ಬಂದದ್ದು ಅಪ್ಪನ ಊರು: ಭದ್ರಾವತಿ. ಬರೆದು, ಎಡಬಾಣ ಒತ್ತುತ್ತಾ ಹಿಂದಕ್ಕೆ ಬಂದೆ. ಕರ್ಸರಿನ ಬಿಳಿ ಚೌಕ ಒಂದೊಂದೇ ಹೆಜ್ಜೆ ಸರಿಯಿತು. 'ದ್ರಾ' ಹತ್ತಿರ ಬಂದಾಗ ಅಕ್ಷರವೇ ಬಿರಿದು 'ಭದ್‌ರಾವತಿ' ಆಯಿತು. ಚೌಕ ಮುಂದೆ ಹೋದಮೇಲೆ ಮತ್ತೆ ಕೂಡಿಕೊಂಡಿತು. ಒಂದು ಕಡೆಯಂತೂ ಬಾಣ ಒತ್ತಿದರೂ ಚೌಕ ಅಲುಗಲಿಲ್ಲ. ಪದದ ತುದಿಯಿಂದ ಮೊದಲಿಗೆ ಬರಲು ಎಂಟು ಸಲ ಒತ್ತಬೇಕಾಯಿತು. ಎಣಿಸಿದರೆ ಅಕ್ಷರ ನಾಲ್ಕೇ: ಭ, ದ್ರಾ, ವ, ತಿ.

ಲೈಬ್ರರಿಯ ಒಳಗೆ ಇಣುಕಿದೆ. ಆ ಚೌಕ ಕರ್ಸರೇ ಅಲ್ಲ! ಟರ್ಮಿನಲ್‌ಗೆ ಅದರದ್ದೇ ಕರ್ಸರ್ ಇದೆ. ಲೈಬ್ರರಿ ಮೊದಲ ಕೆಲಸವಾಗಿ ಅದನ್ನು ಮರೆಮಾಡುತ್ತದೆ. ಆಮೇಲೆ ಬರೆಯಬೇಕಾದ ಜಾಗದಲ್ಲಿ ಮಸಿಗೆ ಹಿನ್ನೆಲೆಯ ಬಣ್ಣ, ಹಿನ್ನೆಲೆಗೆ ಮಸಿಯ ಬಣ್ಣ ಹಾಕಿ ಚೌಕದ ವೇಷ ಬರೆಯುತ್ತದೆ. ಮಿಣುಕುವುದಕ್ಕೂ ತನ್ನದೇ ಗಡಿಯಾರ ಇಟ್ಟುಕೊಂಡಿದೆ. ಬಣ್ಣ ತಿರುವಬೇಕಾದರೆ ಅಕ್ಷರಗಳ ಸಾಲಿನ ನಡುವೆ ಒಂದು ಎಸ್ಕೇಪ್ ಸಂಕೇತ (ಟರ್ಮಿನಲ್‌ಗೆ ಕೊಡುವ ಆಜ್ಞೆ) ತುರುಕಬೇಕು. ಅದು ಹೋಗಿ 'ದ್' ಮತ್ತು 'ರಾ' ಮಧ್ಯೆ ಕೂತರೆ ಒತ್ತು ಕೂಡುವುದಾದರೂ ಹೇಗೆ. ಇಂಗ್ಲಿಷಿನಲ್ಲಿ ಒಂದು ಅಕ್ಷರ ಇನ್ನೊಂದನ್ನು ಹಿಡಿದುಕೊಂಡಿರುವುದಿಲ್ಲ, ಹಾಗಾಗಿ ಬರೆದವರಿಗೆ ಇದು ಕಾಣಿಸಿಯೇ ಇರಲಿಕ್ಕಿಲ್ಲ.

ಜುಲೈ 6, ಭಾನುವಾರ
ಭದ್ರಾವತಿ, ನ್ಯೂಟೌನ್

ಬೆಳಗ್ಗೆ ಬಸ್ಸು. ಬಿ.ಎಚ್. ರಸ್ತೆಯಲ್ಲಿ ಹೊರಟು, ಮಾಚೇನಹಳ್ಳಿ ಡೈರಿ ದಾಟಿ, ಗಂಟೆಯೊಳಗೆ ಅಪ್ಪನ ಮನೆ. ಲ್ಯಾಪ್‌ಟಾಪ್ ತಂದಿದ್ದಕ್ಕೆ ಅಮ್ಮ ಮುಖ ಊದಿಸಿಕೊಂಡರು.

ಅಪ್ಪ ಕಾರ್ಖಾನೆಯಲ್ಲಿ ಟೈಪಿಸ್ಟ್ ಆಗಿದ್ದವರು. 1918ರಲ್ಲಿ ಮೈಸೂರು ಸಂಸ್ಥಾನ ಶುರುಮಾಡಿದ, ಆಮೇಲೆ ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಅದೇ ಕಬ್ಬಿಣದ ಕಾರ್ಖಾನೆ. ಅದು ಸರ್ಕಾರಿ ಉಕ್ಕಿನ ಕಂಪನಿ ಸೈಲ್ ಜೊತೆ ಸೇರುವ ಹೊತ್ತಿಗೆ, 1998ರಲ್ಲಿ, ಅವರ ಮೇಜಿಗೆ ಕಂಪ್ಯೂಟರ್ ಬಂದಿತ್ತು. ಆದರೆ ಅವರ ಬೆರಳಿನ ನೆನಪೆಲ್ಲ ಟೈಪ್‌ರೈಟರಿನದ್ದೇ. ಕಾಫಿ ಕುಡಿಯುತ್ತಾ ಕೇಳಿದೆ:

"ಅಪ್ಪಾ, 'ಕರ್ನಾಟಕ' ಹೆಂಗೆ ಹೊಡೀತಿದ್ರಿ?"

"ಕಂಡಂಗೆ ಹೊಡೀತಿದ್ವಿ ಕಣಮ್ಮ. ಕ ಹೊಡಿ, ನಾ ಹೊಡಿ, ಆಮೇಲೆ ಅರ್ಕಾವತ್ತು. ಆಮೇಲೆ ಟ, ಕ." ಅನ್ನುವಾಗ ಬೆರಳುಗಳು ಟೀಪಾಯಿಯ ಮೇಲೆ ಓಡುತ್ತಿದ್ದವು.

ಕಂಪ್ಯೂಟರ್ ಹಾಗೆ ಇಟ್ಟುಕೊಳ್ಳುವುದಿಲ್ಲ. ಉಚ್ಚಾರದ ಕ್ರಮವೇ ಅದರ ಕ್ರಮ: ಕ, ರ, ಹಲಂತ, ನ, ದೀರ್ಘ. ಮೊದಲು ಬಂದ ರಕಾರ ತೆರೆಯ ಮೇಲೆ 'ನಾ' ಆದಮೇಲೆ ಹೋಗಿ ಕೂರುತ್ತದೆ. ಹಾಗಾದರೆ 'ರ್' ಮತ್ತು 'ನಾ' ನಡುವೆ ಕರ್ಸರ್ ನಿಲ್ಲಿಸು ಅಂದರೆ ಎಲ್ಲಿ ನಿಲ್ಲಿಸಲಿ? ಕಡತದಲ್ಲಿ ಆ ಜಾಗ ಇದೆ, ತೆರೆಯ ಮೇಲೆ ಇಲ್ಲ. 'ಸೂರ್ಯ'ನಲ್ಲೂ ಹೀಗೇ. ನಮ್ಮ ರಾಜ್ಯದ ಹೆಸರಿನಲ್ಲೇ ಕರ್ಸರ್‌ಗೆ ಕಾಲಿಡಲು ಜಾಗವಿಲ್ಲದ ಒಂದು ಸಂದು ಇದೆ ಅಂತ ಅಪ್ಪನಿಗೆ ಹೇಳಿದೆ. "ಅಲ್ಲಿ ನಿಲ್ಲಿಸೋ ಅವಶ್ಯ ಯಾರಿಗಿದೆ?" ಅಂದರು. ಈ ಪ್ರಶ್ನೆ ಬರೆದಿಟ್ಟುಕೊಳ್ಳಬೇಕು.

ಟೈಪ್‌ರೈಟರಿನಲ್ಲಿ ಕೆಲವು ಕೀಲಿ ಒತ್ತಿದರೆ ಗಾಡಿ ಮುಂದೆ ಸರಿಯುತ್ತಿರಲಿಲ್ಲವಂತೆ. ಚಿಹ್ನೆ ಬೀಳುತ್ತದೆ, ಕ್ಯಾರೇಜ್ ನಿಂತಲ್ಲೇ ಇರುತ್ತದೆ. ಹಳೇ ಟ್ರಂಕಿನಲ್ಲಿ ಟೈಪಿಂಗ್ ಪುಸ್ತಕ ಹುಡುಕಲು ಹೋದರೆ ಸಿಕ್ಕಿದ್ದು ಒಂದು ಸ್ಲೈಡ್ ರೂಲ್. ಡ್ರಾಯಿಂಗ್ ಆಫೀಸಿನ ಎಂಜಿನಿಯರೊಬ್ಬರು ನಿವೃತ್ತಿಯಾಗುವಾಗ ಕೊಟ್ಟದ್ದು. ನಡುವೆ ಕೂದಲೆಳೆಯಷ್ಟು ಗೆರೆ ಇರುವ ಗಾಜಿನ ತುಂಡು ಆಚೀಚೆ ಜಾರುತ್ತದೆ. ಅದಕ್ಕೂ ಕರ್ಸರ್ ಅಂತಲೇ ಹೆಸರು. ಪದ ಲ್ಯಾಟಿನ್ನಿನದು, ಓಡುವವನು ಅಂತ ಅರ್ಥ. ಕಂಪ್ಯೂಟರ್‌ಗಿಂತ ಮೊದಲೇ ಭದ್ರಾವತಿಯಲ್ಲಿ ಕರ್ಸರ್ ಓಡಾಡಿಕೊಂಡಿತ್ತು!

ಸಂಜೆ ಜನ್ನಾಪುರದಿಂದ ತಮ್ಮ ಬಂದ, ಚಿಕ್ಕಪ್ಪನ ಮಗ. ಅವನಿಗೆ ಹುಟ್ಟಿನಿಂದ ಕಣ್ಣಿಲ್ಲ. ಲಿನಕ್ಸ್ ಲ್ಯಾಪ್‌ಟಾಪ್, ಕಿವಿಗೆ ಒಂದು ಇಯರ್‌ಫೋನ್, ನನಗಿಂತ ಚುರುಕಾಗಿ ಟರ್ಮಿನಲ್ ನಡೆಸುತ್ತಾನೆ. ಚಿತ್ರ ಇಲ್ಲದ, ಬರೀ ಅಕ್ಷರ ಇರುವ ಜಾಗ ಅವನಿಗೆ ಇಷ್ಟ. ನನ್ನ ಪ್ರೋಗ್ರಾಂ ಹಾಕಿಕೊಟ್ಟೆ. ಎರಡು ನಿಮಿಷ ಏನೇನೋ ಒತ್ತಿ ಇಯರ್‌ಫೋನ್ ತೆಗೆದ.

"ಅಕ್ಕಾ, ಇದು ಬರೀ ಕೆಳಗಿನ ಸಾಲಿನ ಲೆಕ್ಕಾನೇ ಓದ್ತಾ ಇದೆ. ನಾನು ಎಲ್ಲಿದೀನಿ ಅಂತಲೇ ಗೊತ್ತಾಗ್ತಿಲ್ಲ."

"ಚೌಕ ಮಿಣುಕ್ತಾ ಇದೆಯಲ್ಲೋ..." ಅಂದುಬಿಟ್ಟೆ.

ನಕ್ಕ. ನನಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು.

ಜುಲೈ 8, ಮಂಗಳವಾರ
ಶಿವಮೊಗ್ಗ

ತಮ್ಮನ ಸ್ಕ್ರೀನ್ ರೀಡರ್ (ತೆರೆಯ ಮೇಲಿನದನ್ನು ಓದಿ ಹೇಳುವ ಪ್ರೋಗ್ರಾಂ) ಬಣ್ಣ ನೋಡುವುದಿಲ್ಲ. ಟರ್ಮಿನಲ್ ತನ್ನ ಕರ್ಸರ್ ಎಲ್ಲಿದೆ ಅಂತ ಹೇಳುತ್ತದೆ, ರೀಡರ್ ಅಲ್ಲಿರುವುದನ್ನು ಓದುತ್ತದೆ. ಮರೆಯಾದ ಕರ್ಸರ್ ಕೂಡ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಕೊನೆಗೆ ಎಲ್ಲಿ ಬರೆದೆವೋ ಅಲ್ಲಿ. ನಾನು ಕೊನೆಗೆ ಬರೆಯುವುದು ಕೆಳಗಿನ ಸಾಲಿನ ಲೆಕ್ಕ. ಅದನ್ನೇ ಓದುತ್ತಾ ಕೂತಿತ್ತು ಪಾಪ.

ಇದೇ ರೋಗಕ್ಕೆ ಇನ್ನೊಂದು ಲಕ್ಷಣವೂ ಇತ್ತು, ನಾನು ಗಮನಿಸಿರಲಿಲ್ಲ. ನುಡಿ ಕೀಲಿಮಣೆಯಲ್ಲಿ (ಕೆ.ಪಿ. ರಾಯರು ರೂಪಿಸಿದ ವಿನ್ಯಾಸ) ಬರೆಯುವಾಗ, ಇನ್ನೂ ಪಕ್ಕಾ ಆಗದ ಅಕ್ಷರ ಅಡಿಗೆರೆ ಎಳೆದುಕೊಂಡು ಒಂದು ಗಳಿಗೆ ಕಾಯುತ್ತದಲ್ಲ, ಅದು ಬರೆಯುವ ಜಾಗದಲ್ಲಿ ಕಾಣಿಸದೆ ತೆರೆಯ ಕೆಳತುದಿಯಲ್ಲಿ ಕಾಣಿಸಿ ಮಾಯವಾಗುತ್ತಿತ್ತು. ಫಾಂಟಿನ ಎಡವಟ್ಟು ಅಂದುಕೊಂಡು ಸುಮ್ಮನಿದ್ದೆ. ಅದೂ ನಿಜವಾದ ಕರ್ಸರ್ ಇರುವಲ್ಲೇ ಕೂರುತ್ತಿತ್ತು ಅಷ್ಟೆ.

ಕರ್ಸರ್ ಅಂದರೆ ಕಣ್ಣಿಗೆ ಕಾಣಲಿ ಅಂತ ಇಟ್ಟ ಗುರುತು ಅಂದುಕೊಂಡಿದ್ದೆ ಇಷ್ಟು ವರ್ಷ. ಅದು ಟರ್ಮಿನಲ್ ಉಳಿದವರಿಗೆಲ್ಲ ಕೊಡುವ ವಿಳಾಸ. ವಿಳಾಸ ಸುಳ್ಳಾದರೆ ಕಣ್ಣಿರುವವರಿಗೆ ನಷ್ಟ ಕಡಿಮೆ, ಹಾಗಾಗಿ ಸುಳ್ಳು ಇಷ್ಟು ದಿನ ನಡೆಯಿತು.

ಲೈಬ್ರರಿ ಬರೆದವರು ದಡ್ಡರೇನಲ್ಲ. ಪ್ರತಿ ಕೀಲಿಗೂ ತೆರೆ ಮತ್ತೆ ಬರೆಯುವಾಗ ನಿಜವಾದ ಕರ್ಸರ್ ಮೇಲಿಂದ ಕೆಳಗೆ ಓಡಾಡಿ ಕಣ್ಣು ಕುಕ್ಕುತ್ತದೆ. ಅದಕ್ಕೆ ಮರೆಮಾಡಿದರು. ಆದರೆ ಬರೆದು ಮುಗಿದ ಮೇಲೆ ಅದನ್ನು ಕರೆತಂದು ಸರಿಯಾದ ಮನೆಯಲ್ಲಿ ಕೂರಿಸಿ ತೋರಿಸಬಹುದಿತ್ತು. ಇದೇನು ಹೊಸ ವಿದ್ಯೆಯಲ್ಲ. ಡಿಜಿಟಲ್ ಕಂಪನಿಯ ವಿಟಿ100 ಟರ್ಮಿನಲ್ ಬಂದದ್ದು 1978ರಲ್ಲಿ. ಕರ್ಸರ್ ತೋರಿಸು, ಮರೆಮಾಡು ಅನ್ನುವ ಆಜ್ಞೆ 1983ರ ವಿಟಿ220ರಿಂದ ಇದೆ. ಎಸ್ಕೇಪ್, ಚೌಕ ಕಂಸ, ಪ್ರಶ್ನೆ ಚಿಹ್ನೆ, 25, ಆಮೇಲೆ ತೋರಿಸಲು ಸಣ್ಣ ಎಚ್, ಮರೆಮಾಡಲು ಸಣ್ಣ ಎಲ್. ಆ ಯಂತ್ರಗಳು ಗುಜರಿಗೆ ಹೋಗಿ ಯಾವ ಕಾಲವಾಯಿತೋ, ನನ್ನ ಲ್ಯಾಪ್‌ಟಾಪ್ ಇವತ್ತಿಗೂ ಅದೇ ಭಾಷೆ ಆಡುತ್ತದೆ.

ಹನ್ನೊಂದು ಗಂಟೆಗೆ ಮುಗಿಸಿದೆ: ಮರೆಮಾಡು, ಬರೆ, ಕರ್ಸರನ್ನು ಜಾಗಕ್ಕೆ ಒಯ್ಯಿ, ತೋರಿಸು. ಚೌಕದ ವೇಷ ಕಿತ್ತುಹಾಕಿದೆ. ಸಾಲಿನ ನಡುವೆ ಬಣ್ಣದ ಸಂಕೇತ ಇಲ್ಲದ್ದರಿಂದ 'ದ್ರಾ' ಬಿರಿಯುವುದು ನಿಂತಿತು.

ಜುಲೈ 9, ಬುಧವಾರ

ಪ್ರೋಗ್ರಾಂ ಮಗುಚಿಕೊಂಡಿತು, ಅದೂ 'ಮರೆಮಾಡು' ಆದಮೇಲೆ, 'ತೋರಿಸು' ಬರುವ ಮುಂಚೆ. ಟರ್ಮಿನಲ್‌ಗೆ ಮರಳಿ ಬಂದರೆ ಅಲ್ಲೂ ಕರ್ಸರ್ ಇಲ್ಲ. ಕುರುಡು ಬೆರಳಿನಲ್ಲಿ 'ಟಿಪುಟ್ ಸಿನಾರ್ಮ್' ಅಂತ ಹೊಡೆದು ವಾಪಸು ತಂದೆ. ಹೇಗೇ ಸತ್ತರೂ ಸಾಯುವ ಮುಂಚೆ ಕರ್ಸರ್ ತೋರಿಸಿ ಸಾಯಬೇಕು ಅನ್ನುವ ಒಂದು ಸಾಲು ಸೇರಿಸಿದ್ದಾಯಿತು.

ಜುಲೈ 12, ಶನಿವಾರ

ಜಾಗಕ್ಕೆ ಒಯ್ಯಿ ಅಂದೆನಲ್ಲ, ಯಾವ ಜಾಗ? ಇವತ್ತಿನ ದಿನವೆಲ್ಲ ಇದಕ್ಕೇ ಹೋಯಿತು.

ಟರ್ಮಿನಲ್ ಒಂದು ಚೌಕಾಬಾರದ ಮಣೆ. ಹಳೇ ಅಳತೆಯಲ್ಲಿ 80 ಅಡ್ಡ, 24 ಉದ್ದ. ಪ್ರತಿ ಅಕ್ಷರಕ್ಕೂ ಒಂದು ಮನೆ. ಚೀನೀ, ಜಪಾನೀ ಲಿಪಿಗೆ ಎರಡೆರಡು ಮನೆ ಅಂತ ತೀರ್ಮಾನವಾಗಿದೆ. ಕನ್ನಡಕ್ಕೆ? ಭದ್ರಾವತಿಗೆ ಎಷ್ಟು ಮನೆ?

ಲೆಕ್ಕ ಹಾಕಿದೆ. ಭದ್ರಾವತಿ ಯುನಿಕೋಡಿನಲ್ಲಿ 8 ಸಂಕೇತ, ಕಡತದಲ್ಲಿ 24 ಬೈಟು. ಓದುವವರಿಗೆ 4 ಅಕ್ಷರ. ಸುಮ್ಮನೆ ಶಿವಮೊಗ್ಗವನ್ನೂ ಎಣಿಸಿದರೆ ಅದೂ 8 ಸಂಕೇತ, 24 ಬೈಟು, 4 ಅಕ್ಷರ. ಅಕ್ಕಪಕ್ಕದ ಎರಡು ಊರು ತೂಕದಲ್ಲೂ ಸರಿಸಮ. ತಮ್ಮನಿಗೆ ಮೆಸೇಜ್ ಮಾಡಿದೆ. "ಆದ್ರೂ ಜಿಲ್ಲಾ ಕೇಂದ್ರ ನಿಮ್ಮೂರೇ ಅಲ್ವಾ" ಅಂತ ಉತ್ತರ.

ಮನೆಯ ಲೆಕ್ಕಕ್ಕೆ ಬಂದರೆ ಜಗಳ ಶುರು. ಕೇಂಬ್ರಿಜ್‌ನ ಮಾರ್ಕಸ್ ಕೂನ್ ಬರೆದ ಒಂದು ಪಟ್ಟಿ ಇದೆ, ಎಷ್ಟೋ ಪ್ರೋಗ್ರಾಂಗಳ ಹೊಟ್ಟೆಯಲ್ಲಿ ಅದು ಕೂತಿದೆ. ಯುನಿಕೋಡ್ ಯಾವ ಚಿಹ್ನೆಯನ್ನು 'ಜಾಗ ತಗೊಳ್ಳದ್ದು' ಅನ್ನುತ್ತದೋ ಅದಕ್ಕೆ ಸೊನ್ನೆ ಮನೆ, 'ಜಾಗ ತಗೊಳ್ಳುವುದು' ಅನ್ನುತ್ತದೋ ಅದಕ್ಕೆ ಒಂದು. ಕನ್ನಡದ ಗುಡಿಸು, ಎತ್ವ, ಔತ್ವ, ಹಲಂತ ಮೊದಲನೇ ಗುಂಪು. ತಲೆಕಟ್ಟಿನ ದೀರ್ಘ, ಕೊಂಬು, ಒತ್ವ, ಓತ್ವ ಎರಡನೇ ಗುಂಪು. ಕಾಗುಣಿತ ಹೇಳುತ್ತಾ ಬೆರಳು ಮಡಚಿದೆ: ಕ ಒಂದು ಮನೆ, ಕಾ ಎರಡು, ಕಿ ಒಂದು, ಕೀ ಎರಡು, ಕು ಎರಡು, ಕೆ ಒಂದು, ಕೊ ಎರಡು, ಕೌ ಒಂದು. ಕಣ್ಣಿಗೆ 'ಕೆ'ಗಿಂತ ಎಷ್ಟೋ ಅಗಲವಾದ 'ಕೌ'ಗೂ ಅಷ್ಟೇ ಜಾಗ! ಯಾವ ಮೇಷ್ಟ್ರೂ ಹೀಗೆ ಕಾಗುಣಿತ ಬರೆಸಿರಲಾರರು.

ಈ ಪಟ್ಟಿಯ ಪ್ರಕಾರ ಭದ್ರಾವತಿಗೆ 6 ಮನೆ. ಎರಡನೇ ಗುಂಪಿಗೂ ಸೊನ್ನೆಯೇ ಅನ್ನುವ ಇನ್ನೊಂದು ಪಂಥವಿದೆ, ಅವರ ಪ್ರಕಾರ 5. ಶಿವಮೊಗ್ಗಕ್ಕೂ 6 ಮತ್ತು 5. ನನ್ನ ಪ್ರೋಗ್ರಾಂ ಒಂದು ಪಂಥ, ಟರ್ಮಿನಲ್ ಇನ್ನೊಂದು ಪಂಥ ಆದರೆ ಕರ್ಸರ್ ಪದಕ್ಕೆ ಒಂದೊಂದು ಮನೆಯಂತೆ ತಪ್ಪುತ್ತಾ ಹೋಗಿ, ಸಾಲಿನ ಕೊನೆಗೆ ಎಷ್ಟೋ ಮನೆ ಆಚೆ ನಿಲ್ಲುತ್ತದೆ. ನಾನು ಒಂದು ಕಡೆ ಅಳಿಸಿದರೆ ಅಳಿಯುವುದು ಇನ್ನೊಂದು ಕಡೆ.

ಯಾವ ಪಂಥ ಸರಿ ಅಂತ ಅರ್ಧ ದಿನ ತಲೆ ಕೆಡಿಸಿಕೊಂಡೆ. ಸರಿ ಯಾವುದೂ ಅಲ್ಲ. ನಾಲ್ಕು ಮನೆಯೂ ಸರಿ ಹೋಗುವುದಿಲ್ಲ, 'ದ್ರಾ' ಒಂದು ಮನೆಯಲ್ಲಿ ಹಿಡಿಸಲಾರದು. ಕೊನೆಗೆ ಹೊಳೆದದ್ದು ತೀರಾ ಸರಳ: ಟರ್ಮಿನಲ್‌ ಅನ್ನೇ ಕೇಳಿಬಿಡು. ಎಸ್ಕೇಪ್, ಚೌಕ ಕಂಸ, 6, ಸಣ್ಣ ಎನ್. 'ಕರ್ಸರ್ ಎಲ್ಲಿದೆ' ಅನ್ನುವ ಪ್ರಶ್ನೆ ಇದು. ಸಾಲು, ಕಂಬ ಎರಡನ್ನೂ ಅದು ಹೇಳುತ್ತದೆ. ಮೊದಲ ಕಂಬದಿಂದ ಭದ್ರಾವತಿ ಬರೆದು ಕೇಳಿದೆ. ನನ್ನ ಬಳಿ ಇರುವ ಒಂದು ಟರ್ಮಿನಲ್ 6ನೇ ಕಂಬ ಅಂದಿತು, ಇನ್ನೊಂದು 7 ಅಂದಿತು. ಈಗ ಪ್ರೋಗ್ರಾಂ ಶುರುವಾಗುವಾಗ ಒಂದು 'ಕಾ' ಬರೆದು ಕೇಳುತ್ತದೆ, ಉತ್ತರ ನೋಡಿ ಪಂಥ ಆರಿಸಿಕೊಳ್ಳುತ್ತದೆ, ಅಳಿಸುತ್ತದೆ.

ಜುಲೈ 13, ಭಾನುವಾರ

ಕಂಪ್ಯೂಟರ್ ಮುಟ್ಟಲಿಲ್ಲ. ಹೊಳೆ ನೋಡಲು ಹೋದೆವು. ಕೋರ್ಪಲಯ್ಯನ ಛತ್ರದ ಹತ್ತಿರ ಅರ್ಧ ಊರೇ ಛತ್ರಿ ಹಿಡಿದು ನಿಂತಿತ್ತು. ಗಾಜನೂರು ಅಣೆಕಟ್ಟಿನಿಂದ ಎಷ್ಟು ಕ್ಯೂಸೆಕ್ಸ್ ಬಿಟ್ಟರು ಅಂತ ಇಲ್ಲಿ ಯಾರೂ ಕೇಳುವುದಿಲ್ಲ, "ಮಂಟಪ ಮುಳುಗ್ತಾ?" ಅನ್ನುವುದೊಂದೇ ಪ್ರಶ್ನೆ. ಹೊಳೆ ನಡುವಿನ ಆ ಮಂಟಪದ ತುದಿ ಇನ್ನೂ ಕಾಣುತ್ತಿತ್ತು. ಬಿಸಿ ಬಿಸಿ ಮೆಣಸಿನಕಾಯಿ ಬೋಂಡ ತಿಂದು ಬಂದೆವು.

ಜುಲೈ 16, ಬುಧವಾರ

ಅಪ್ಪನ ಪ್ರಶ್ನೆಗೆ ಬಂದೆ. ಒತ್ತಕ್ಷರದ ಒಳಗೆ ಕರ್ಸರ್ ನಿಲ್ಲಿಸುವ ಅವಶ್ಯ ಯಾರಿಗಿದೆ?

ಓದುವವರಿಗೆ ಯಾವುದು ಒಂದು ಅಕ್ಷರವಾಗಿ ಕಾಣುತ್ತದೆ, ಕರ್ಸರ್ ಎಲ್ಲಿ ಒಳನುಗ್ಗಬಾರದು ಅಂತ ಯುನಿಕೋಡ್ ನಿಯಮ ಮಾಡಿದೆ. ಹಳೇ ನಿಯಮದಲ್ಲಿ ಹಲಂತ ಆದಮೇಲೆ ತುಂಡು. ಅದರಂತೆ ಭದ್ರಾವತಿ ಐದು ತುಂಡು: ಭ, ದ್, ರಾ, ವ, ತಿ. ಶಿವಮೊಗ್ಗವೂ ಐದು. ಒತ್ತಕ್ಷರ ಒಡೆಯುವ ಈ ತಪ್ಪು 2023ರ 15.1ನೇ ಆವೃತ್ತಿಯಲ್ಲಿ ಸರಿಯಾಯಿತು ಅಂತ ಓದಿ ಕುಣಿದಾಡಿದೆ. ಆಮೇಲೆ ಅದು ಯಾವ ಲಿಪಿಗಳಿಗೆ ಅನ್ನುವ ಪಟ್ಟಿ ನೋಡಿದೆ. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಆರು ಲಿಪಿ. ಎರಡು ಸಲ ಓದಿದೆ, ಕನ್ನಡ ಇಲ್ಲ. ತೆಲುಗಿನ ಒತ್ತಿಗೂ ನಮ್ಮ ಒತ್ತಿಗೂ ಅಂಥ ವ್ಯತ್ಯಾಸ ಏನಿದೆಯಪ್ಪಾ! ಹೈದರಾಬಾದಿನವರ ಕರ್ಸರ್ ಒಂದೇ ನೆಗೆತಕ್ಕೆ ದಾಟುವುದನ್ನು ಭದ್ರಾವತಿಯವರು ಎರಡು ಹೆಜ್ಜೆಯಲ್ಲಿ ದಾಟಬೇಕು.

ಬೈಯುತ್ತಾ ಕೂರುವುದಕ್ಕಿಂತ ನನ್ನ ಪ್ರೋಗ್ರಾಂನಲ್ಲೇ ನಿಯಮ ಬರೆದೆ: ಕನ್ನಡದ ಹಲಂತದ ಬೆನ್ನಿಗೇ ವ್ಯಂಜನ ಬಂದರೆ ಎರಡೂ ಒಂದೇ. ಅರ್ಕಾವತ್ತಿನ ತಾಪತ್ರಯವೂ ಇದರೊಟ್ಟಿಗೇ ಕಳೆಯಿತು, 'ರ್ನಾ' ಒಡೆಯದಿದ್ದರೆ ಆ ಇಲ್ಲದ ಸಂದಿನಲ್ಲಿ ನಿಲ್ಲುವ ಪ್ರಶ್ನೆಯೇ ಇಲ್ಲ. ಒಂದು ಅಪವಾದ ಮಾತ್ರ. 'ಟರ್ಮಿನಲ್‌ಗೆ' ಅಂತ ಬರೆಯುವಾಗ ಲಕಾರಕ್ಕೆ ಗಕಾರ ಒತ್ತಾಗಿ ಅಂಟದಿರಲಿ ಅಂತ ನಡುವೆ ಒಂದು ಕಾಣದ ಸಂಕೇತ ಹಾಕುತ್ತೇವೆ. ಅದಿದ್ದರೆ ಅಲ್ಲಿ ತುಂಡು.

ಅಳಿಸುವುದಕ್ಕೆ ಮಾತ್ರ ಬೇರೆ ನ್ಯಾಯ. ನುಡಿಯಲ್ಲಿ 'ದ್ರಾ' ಬರೆಯಲು ನಾಲ್ಕು ಕೀಲಿ: ಡಿ, ಒತ್ತು ಕೂಡಿಸುವ ಎಫ್, ಆರ್, ದೊಡ್ಡ ಎ. ಕೊನೆಯ ದೀರ್ಘ ಒಂದು ತಪ್ಪಿದ್ದಕ್ಕೆ ಇಡೀ ಅಕ್ಷರ ಹೋದರೆ ಬರೆಯುವವರಿಗೆ ಸಿಟ್ಟು ಬರುತ್ತದೆ. ಹಾಗಾಗಿ ಬಾಣ ಒತ್ತಿದರೆ ಅಕ್ಷರ ಪೂರ್ತಿ ದಾಟು, ಬ್ಯಾಕ್‌ಸ್ಪೇಸ್ ಒತ್ತಿದರೆ ಕೊನೆಯ ಒಂದು ಕೀಲಿಯಷ್ಟೇ ಅಳಿಸು. ಈ ಎರಡು ಅಳತೆ ಇಟ್ಟುಕೊಂಡದ್ದು ಸರಿ ಅಂತಲೇ ನನ್ನ ಅಭಿಪ್ರಾಯ, ಯಾರು ಏನೇ ಅನ್ನಲಿ.

ಜುಲೈ 19, ಶನಿವಾರ

ಸಾಲು ಅಂಚಿಗೆ ಬಂದಾಗ ಕರ್ಸರ್ ಕೊನೆಯ ಅಕ್ಷರದ ತಲೆ ಮೇಲೆಯೇ ಕೂರುತ್ತಿತ್ತು. ಕೊನೇ ಮನೆ ತುಂಬಿದರೂ ಮುಂದಿನ ಅಕ್ಷರ ಬರುವವರೆಗೆ ಅಲ್ಲೇ ಕಾಯುವುದು ವಿಟಿ100 ಕಾಲದ ಹಳೇ ಚಾಳಿ. ಬಲಗಡೆ ಒಂದು ಮನೆ ಕರ್ಸರ್‌ಗೆಂದೇ ಖಾಲಿ ಬಿಟ್ಟೆ.

ಜುಲೈ 20, ಭಾನುವಾರ
ಭದ್ರಾವತಿ

ಊಟವಾದ ಮೇಲೆ ತಮ್ಮ ಬಂದ. ಮಾತಾಡದೆ ಲ್ಯಾಪ್‌ಟಾಪ್ ಅವನ ಮುಂದಿಟ್ಟೆ. ಇಯರ್‌ಫೋನ್ ಕಿತ್ತು ಸ್ಪೀಕರ್ ಹಾಕಿದ, ಅಪ್ಪನಿಗೂ ಕೇಳಲಿ ಅಂತ.

"ಭದ್ರಾವತಿಯಲ್ಲಿ ಇವತ್ತು ಮಳೆ ಕಡಿಮೆ" ಅಂತ ಬರೆದ. ಸಾಲಿನ ಮೊದಲಿಗೆ ಹೋದ. ಈ ಸಲ ಕೆಳಗಿನ ಲೆಕ್ಕ ಓದಲಿಲ್ಲ, ಅವನಿದ್ದ ಸಾಲನ್ನೇ ಓದಿತು. ಬರೆಯುವ ಸಾಲಿನಿಂದ ಮೇಲಿನ ಸಾಲಿಗೆ ಹೋದ, ಅದನ್ನೂ ಓದಿತು. "ಹ್ಞಾಂ, ಈಗ ಗೊತ್ತಾಗ್ತಿದೆ ಅಕ್ಕಾ" ಅಂದ. ಅಪ್ಪ ಪೇಪರ್ ಮಡಚಿಟ್ಟು ಹತ್ತಿರ ಬಂದು ಕೂತರು.

ಆಮೇಲೆ ಭದ್ರಾವತಿಯ ಮೊದಲಿಗೆ ಮತ್ತೆ ಬಂದು ಬಲಬಾಣ ಒತ್ತುತ್ತಾ ಒಂದೊಂದೇ ಅಕ್ಷರ ಕೇಳಿದ. ಕರ್ಸರ್ ಸರಿಯಾಗಿಯೇ ನೆಗೆಯುತ್ತಿತ್ತು, 'ದ್ರಾ' ಒಂದೇ ಹೆಜ್ಜೆ. ಸ್ಕ್ರೀನ್ ರೀಡರ್ ಮಾತ್ರ "ಭ" ಅಂದಿತು, "ದ" ಅಂದಿತು, "ವ" ಅಂದಿತು, "ತ" ಅಂದಿತು. ಕರ್ಸರ್ ಕೆಳಗಿನ ಮೊದಲ ಸಂಕೇತ ಮಾತ್ರ ಅದಕ್ಕೆ ಸಿಗುತ್ತಿದೆ. ರಾವತ್ತಿಲ್ಲ, ದೀರ್ಘವಿಲ್ಲ, ಗುಡಿಸಿಲ್ಲ.

"ಭದವತ," ಅಂದರು ಅಪ್ಪ. "ಯಾವೂರಮ್ಮ ಅದು?"

ಈ ತಪ್ಪಿನ ವಿವರ ಬರೆದು ಸ್ಕ್ರೀನ್ ರೀಡರ್ ಮಾಡಿದವರಿಗೆ ಕಳಿಸಬೇಕು. ಇವತ್ತು ರಾತ್ರಿಯೇ ತಮ್ಮ ಬರೆಯುತ್ತಾನಂತೆ, ನಾನು ತಿದ್ದಿಕೊಡುವುದು.